ಬಾವಿಕಟ್ಟೆಯ ಶಾಂತಿಮಂತ್ರ

ನನ್ನ ಬಲಗೈ ತಲೆಯ ಮೇಲಕ್ಕೆ ಹೋಗುವುದನ್ನು ನಿಲ್ಲಿಸಿ ಕೆಲವು ತಿಂಗಳಾಗಿತ್ತು. ಜಡೆ ಹಾಕಿಕೊಳ್ಳುವ ಮಾತಿರಲಿ, ನೆತ್ತಿಗೆ ಒಂದು ತೊಟ್ಟು ಎಣ್ಣೆ ಇಟ್ಟುಕೊಳ್ಳಬೇಕಾದರೂ ಮಗಳನ್ನು ಕೂಗಬೇಕು. ಎಂಬತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ ಅಂತ ನಾನು ತೆಪ್ಪಗಿದ್ದೆ. ಮಗಳು ತೆಪ್ಪಗಿರಬೇಕಲ್ಲ! ಫಿಸಿಯೋಥೆರಪಿ ಅಂತ ಒಂದು ಕಡೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಯ ಮೇಲೆ ಒಂದು ಪುಟ್ಟ ರಾಟೆ, ರಾಟೆಗೆ ಹಗ್ಗ, ಹಗ್ಗದ ಎರಡು ತುದಿಗೂ ಒಂದೊಂದು ಹಿಡಿ. "ಈ ಕೈಲಿ ಎಳೀರಿ ಅಜ್ಜಿ, ಆ ಕೈ ತಾನಾಗೇ ಮೇಲೆ ಹೋಗತ್ತೆ" ಅಂದಳು ಅಲ್ಲಿದ್ದ ಹುಡುಗಿ. ಎಳೆದೆ. ರಾಟೆ ಕಿರ್ರೋ ಅಂತು.

ಆ ಸದ್ದು ಕೇಳಿದ್ದೇ ತಡ, ನನ್ನ ಮೂಗಿಗೆ ಒದ್ದೆ ನಾರಿನ ಹಗ್ಗದ ವಾಸನೆ ಬಂತು. ಅಲ್ಲಿದ್ದದ್ದು ನೈಲಾನ್ ಹಗ್ಗ, ಕೋಣೆಯ ತುಂಬ ಡೆಟಾಲಿನ ವಾಸನೆ. ಆದರೂ ಬಂತು. ಪಾಚಿ, ತಣ್ಣೀರು, ನೆನೆದ ತೆಂಗಿನ ನಾರು... ಅದರ ಹಿಂದೆಯೇ, ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿಕೊಂಡು, ಏನನ್ನೋ ಗೊಣಗುತ್ತಾ ನೀರು ಸೇದುವ ಆಗಿನ ನಮ್ಮ ಎದುರುಮನೆಯವರು ಕಣ್ಣ ಮುಂದೆ ಬಂದು ನಿಂತರು.

ನಾನು ಮದುವೆಯಾಗಿ ಮೈಸೂರಿನ ಅಗ್ರಹಾರದ ಒಂದು ವಠಾರಕ್ಕೆ ಬಂದಾಗ ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಬೀದಿಗೆ ಒಂದೇ ಬಾಗಿಲು. ಒಳಗೆ ಅಂಗಳ, ಅಂಗಳದ ಸುತ್ತ ಆರೇಳು ಮನೆ, ಹಿತ್ತಿಲಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ. ನಮ್ಮ ಮನೆಯಲ್ಲಿ ನಾನು, ಯಜಮಾನರು, ಅತ್ತೆ. ಯಜಮಾನರು ಹೈಸ್ಕೂಲು ಮೇಷ್ಟರು. ಇಡೀ ದಿನ ಶಾಲೆಯಲ್ಲಿ ಮಾತಾಡಿ ಮನೆಗೆ ಬರುವಷ್ಟರಲ್ಲಿ ಅವರ ಮಾತೆಲ್ಲ ಖರ್ಚಾಗಿರುತ್ತಿತ್ತು. ಅತ್ತೆಗೆ ಮಡಿ ಬಿಟ್ಟರೆ ಬೇರೆ ಲೋಕವಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹಗ್ಗಕ್ಕೆ ನೀರು ಚಿಮುಕಿಸಿ, ಬೇರೆ ಯಾರೂ ಬಾವಿಕಟ್ಟೆ ಹತ್ತುವ ಮುಂಚೆ ತಮ್ಮ ತಾಮ್ರದ ಬಿಂದಿಗೆ ತುಂಬಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಆಮೇಲೆ ಆ ಬಿಂದಿಗೆಯ ಹತ್ತಿರ ನನ್ನ ಸೆರಗಿನ ಗಾಳಿ ಸುಳಿದರೂ ಮುಗಿಯಿತು ನನ್ನ ಕಥೆ.

ನನಗೋ ಹುಟ್ಟಿನಿಂದ ಬಂದ ಕುತೂಹಲ. "ಇವಳ ಕಿವಿ ಯಾವಾಗಲೂ ಪಕ್ಕದ ಮನೇಲೇ ಇರುತ್ತೆ" ಅಂತ ನಮ್ಮಮ್ಮನೇ ಬಯ್ಯುತ್ತಿದ್ದಳು. ಅಂಥವಳಿಗೆ ವಠಾರ ಸಿಕ್ಕಿದರೆ ಕೇಳಬೇಕೆ? ಬಂದ ವಾರದೊಳಗೆ ಯಾರ ಮನೆಯಲ್ಲಿ ಏನು ಸಾರು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಗೊತ್ತಾಗಿಹೋಗಿತ್ತು. ಗೊತ್ತಾಗದೆ ಉಳಿದದ್ದು ಒಂದೇ. ಈ ಎದುರುಮನೆಯ ಗಂಡಸು ದಿನಾ ಬೆಳಗ್ಗೆ ವಠಾರದ ಎಲ್ಲರ ಮನೆಗೂ ಯಾಕೆ ನೀರು ಸೇದಿ ಕೊಡುತ್ತಾರೆ?

ಗಂಡಸರು ನೀರು ಸೇದುವುದೇ ಅಪರೂಪ. ಇವರು ತಮ್ಮ ಮನೆಗೆ ಸೇದಿದ್ದು ಸಾಲದು ಅಂತ ಮೂಲೆಮನೆಯ ಬಾಣಂತಿಗೆ, ಅಂಚೆಯವರ ಮನೆಗೆ, ಮಹಡಿ ಮೆಟ್ಟಿಲ ಕೆಳಗಿನ ಮುದುಕ ದಂಪತಿಗೆ, ಎಲ್ಲರಿಗೂ ಸೇದುತ್ತಿದ್ದರು. ಅವರು ಮಂಡ್ಯದ ಕಡೆಯ ರೈತರ ಮನೆಯವರು. ಓದಿ ಸರ್ಕಾರಿ ಕೆಲಸ ಹಿಡಿದು ಮೈಸೂರಿಗೆ ಬಂದವರು. ಕೆಲಸವೂ ಎಂಥದ್ದು ಅಂತೀರಿ, ರೇಷನ್ ಆಫೀಸಿನ ಗುಮಾಸ್ತೆ! ಆಗಿನ ಕಾಲದಲ್ಲಿ ಅದಕ್ಕಿಂತ ಹೆಚ್ಚು ಬೈಸಿಕೊಳ್ಳುವ ಕೆಲಸ ಮತ್ತೊಂದಿರಲಿಲ್ಲ. ಅಕ್ಕಿ ತಿನ್ನುವ ಬಾಯಿಗೆ ಗೋಧಿ ಕೊಡುತ್ತಿದ್ದರು. ಕೊಟ್ಟ ಅಕ್ಕಿಯೂ ಮುಗ್ಗಲು. ಸಕ್ಕರೆ ಬಂದರೆ ಸೀಮೆಎಣ್ಣೆ ಇಲ್ಲ, ಸೀಮೆಎಣ್ಣೆ ಬಂದರೆ ಸಕ್ಕರೆ ಇಲ್ಲ. ಊರಿನವರ ಸಿಟ್ಟೆಲ್ಲ ಬಂದು ಬೀಳುತ್ತಿದ್ದದ್ದು ಕಿಟಕಿಯ ಹಿಂದೆ ಕೂತ ಇವರ ಮೇಲೆ. ಕಿಟಕಿಯ ಮುಂದೆ ಜನ, ಬೆನ್ನ ಹಿಂದೆ ಸಾಹೇಬರು. ಬಾಯಿ ಬಿಟ್ಟರೆ ಇಬ್ಬರಿಂದಲೂ ಪೆಟ್ಟು.

ಉಳಿದ ಕಥೆಯನ್ನು ಅವರ ಹೆಂಡತಿ ಬಟ್ಟೆ ಒಗೆಯುವಾಗ ಹೇಳಿದರು. ನಾನು ಕೇಳಿದೆ, ಅವರು ಹೇಳಿದರು ಅನ್ನಿ. ಮೈಸೂರಿಗೆ ಬಂದ ಹೊಸದರಲ್ಲಿ ಗಂಡನಿಗೆ ಇದ್ದಕ್ಕಿದ್ದ ಹಾಗೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆಯಿಲ್ಲ. ಡಾಕ್ಟರು ಎದೆ ಬೆನ್ನು ಎಲ್ಲ ನೋಡಿ, "ಹೃದಯ ಚೆನ್ನಾಗಿದೆ, ಮನಸ್ಸಿಗೆ ಭಾರ ಜಾಸ್ತಿಯಾಗಿದೆ. ದಿನಾ ಮೈ ಬೆವರೋ ಹಾಗೆ ವ್ಯಾಯಾಮ ಮಾಡಿ, ಇಲ್ಲದಿದ್ದರೆ ಇದೇ ಮುಂದೆ ಕಾಯಿಲೆಯಾಗುತ್ತೆ" ಅಂದರಂತೆ. ಸರಿ, ಗರಡಿಗೆ ಸೇರಿದರು. ಒಂದು ವಾರ ಮಣ್ಣು ಮೆತ್ತಿಕೊಂಡು ಬಂದು, ಎಂಟನೆಯ ದಿನ ಮೈಕೈ ನೋವು ಅಂತ ಮಲಗಿದರು. ಆಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಅಂತಾಯಿತು. ನಾಲ್ಕು ದಿನ ಹತ್ತಿದರು. ಐದನೆಯ ದಿನ ತಪ್ಪಲಿನವರೆಗೆ ಹೋಗಿ, ತಾಯಿಗೆ ಕೆಳಗಿನಿಂದಲೇ ಕೈಮುಗಿದು, ದಾರಿಯಲ್ಲಿ ದೋಸೆ ತಿಂದು ವಾಪಸು ಬಂದರು. ಕಬ್ಬಿಣದ ಡಂಬೆಲ್ಲೂ ತಂದಿದ್ದರಂತೆ. ನಾನು ನೋಡುವ ಹೊತ್ತಿಗೆ ಒಂದು ಡಂಬೆಲ್ಲು ಬಾಗಿಲು ಬಡಿಯದ ಹಾಗೆ ಒತ್ತು ಕೊಟ್ಟಿತ್ತು, ಇನ್ನೊಂದು ನಿಂಬೆಹಣ್ಣಿನ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಕೂತಿತ್ತು.

ಹೀಗಿರುವಾಗ ಹೆಂಡತಿಗೆ ಜ್ವರ ಬಂದು ಒಂದು ದಿನ ಅವರೇ ನೀರು ಸೇದಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಬಾಣಂತಿಯ ತಾಯಿ ಸಂಕೋಚದಿಂದ ತಮ್ಮ ಕೊಡವನ್ನೂ ಮುಂದಿಟ್ಟರು. ಇವರು ತುಂಬಿಸಿಕೊಟ್ಟರು. ಮಾರನೆಯ ದಿನ ಇವರು ಏಳುವ ಮೊದಲೇ ಆ ಕೊಡ ಬಾವಿಕಟ್ಟೆಯ ಮೇಲೆ ಕಾಯುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸುವ ಹಾಗೂ ಇರಲಿಲ್ಲವಲ್ಲ, ಸ್ವಲ್ಪ ತಡವಾದರೆ ಮೆಟ್ಟಿಲ ಕೆಳಗಿನ ಮುದುಕರು ಬಾಗಿಲ ಮುಂದೆ ಬಂದು ಕೆಮ್ಮುತ್ತಿದ್ದರು! ಒಮ್ಮೆ ನಾನೇ ತಡೆಯಲಾರದೆ ಕೇಳಿದೆ, ಬೆಟ್ಟ ಬಿಟ್ಟವರು ಬಾವಿ ಯಾಕೆ ಬಿಡಲಿಲ್ಲ ಅಂತ. ಅವರು ನಕ್ಕರು. "ಬೆಟ್ಟ ನಾನು ಬರ್ಲಿ ಅಂತ ಕಾಯ್ತಾ ಕೂತಿರಾಕಿಲ್ಲ ಕಣಮ್ಮ. ಕೊಡ ಕಾಯ್ತದೆ" ಅಂದರು.

ಎದೆ ಡವಗುಟ್ಟುವುದು ನಿಂತಿತು. ನಿದ್ದೆ ಬಂತು. ಸಂಜೆ ಆಫೀಸಿನಿಂದ ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುತ್ತಿದ್ದರು. ವಠಾರದಲ್ಲಿ ಅವರು ಸೇದಿದ ನೀರು ಬೇಡವೆಂದವರು ಒಬ್ಬರೇ, ನಮ್ಮ ಅತ್ತೆ. ಮಡಿಯ ಮಾತು ಹೇಳುತ್ತಿದ್ದರು. ಅದರೊಳಗೆ ಜಾತಿಯ ಮಾತೂ ಇತ್ತು, ಅದನ್ನು ಮುಚ್ಚಿಡುವುದೇನು ಬಂತು.

ಇನ್ನು ಆ ಗೊಣಗಾಟದ ವಿಷಯ. ನೀರು ಸೇದುವಾಗ ಅವರ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಬಿಂದಿಗೆ ಕೆಳಗಿಳಿಯುವಾಗ ಶುರು, ಮೇಲೆ ಬರುತ್ತಾ ಬರುತ್ತಾ ಸ್ವರ ಏರಿಕೆ, ಕಟ್ಟೆಗೆ ಬಂದಾಗ ಒಂದು ನಿಲುಗಡೆ. ಮತ್ತೆ ಮೊದಲಿನಿಂದ. ರಾಟೆಯ ಕಿರ್ರೋ ಸದ್ದಿನಲ್ಲಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವಠಾರದ ಹೆಂಗಸರೆಲ್ಲ ಸೇರಿ, ಇದು ಯಾರೋ ಗುರುಗಳಿಂದ ಪಡೆದ ಉಪದೇಶ, ಜಪ ಮಾಡುತ್ತಾ ಸೇದುತ್ತಾರೆ ಅಂತ ತೀರ್ಮಾನ ಮಾಡಿದ್ದರು. ಅಂಚೆಯವರ ಹೆಂಡತಿ ಆ ನೀರನ್ನೇ ದೇವರ ಅಭಿಷೇಕಕ್ಕೆ ಇಡುತ್ತಿದ್ದರು. ಬಾಣಂತಿ ಮನೆಯಲ್ಲಿ ಮಗು ಬೆಚ್ಚಿಬಿದ್ದರೆ ಅದೇ ನೀರು ಹಣೆಗೆ.

ನನಗೆ ತಡೆಯುತ್ತದೆಯೇ? ಒಂದು ಬೆಳಗ್ಗೆ ಒಗೆಯುವ ಬಟ್ಟೆ ತೆಗೆದುಕೊಂಡು ಬಾವಿಯ ಹಿಂದಿನ ಕಲ್ಲಿನ ಮರೆಯಲ್ಲಿ ಕೂತೆ. ಕಿವಿ ನಿಮಿರಿಸಿದೆ.

"ಅಲ್ಲಾ ಸ್ವಾಮಿ, ಗೋಧಿ ಬ್ಯಾಡ ಅಂದ್ರೆ ನಾನೇನ್ ನಿಮ್ಗೋಸ್ಕರ ಕಿಟಕೀಲಿ ಬತ್ತ ಬೆಳೀಲಾ? ಕಾರ್ಡ್ ಮೊಕಕ್ಕೆ ಎಸೀತೀಯಲ್ಲಾ, ನಿಂಗೂ ಅಕ್ಕತಂಗೀರು ಅಣ್ಣತಮ್ಮಂದಿರು ಇಲ್ವಾ? ...ಓಗ್ಲಿ ಬುಡು." ಬಿಂದಿಗೆ ಕಟ್ಟೆಗೆ ಬಂತು. ನೀರು ಕೊಡಕ್ಕೆ ಸುರಿಯಿತು. ಬಿಂದಿಗೆ ಮತ್ತೆ ಕೆಳಗಿಳಿಯಿತು. "ಅಕ್ಕೀಲಿ ಕಲ್ಲಿದ್ರೆ ನನ್ನ ಯಾಕ್ ಬೋಯ್ತೀಯ ತಾಯಿ, ನಾನೇನ್ ಕಲ್ ಬಿತ್ತಿದ್ನಾ? ...ಓಗ್ಲಿ ಬುಡು." ಮತ್ತೆ ಇಳಿಯಿತು. "ಆಯ್ತು ಸಾಹೇಬ್ರೇ, ತಪ್ಪೆಲ್ಲಾ ನಂದೇಯ. ನೀವ್ ಪಾಪ ಸೈನ್ ಆಕಿ ಆಕಿ ಸುಸ್ತಾಗ್ಬುಟ್ಟಿದೀರಿ..."

ನನಗೆ ನಗು ತಡೆಯಲಾಗಲಿಲ್ಲ. ಕಿಸಕ್ಕನೆ ಅಂದೆ. ಅವರು ಬಿಂದಿಗೆ ಅರ್ಧದಲ್ಲೇ ನಿಲ್ಲಿಸಿ ತಿರುಗಿದರು. ಮುಖ ಕೆಂಪಗಾಗಿತ್ತು. ಕಿಟಕಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ, ಬೈದವರು ಒಬ್ಬೊಬ್ಬರಿಗೂ ಒಂದೊಂದು ಕೊಡ, ಆಮೇಲೆ ಆ ಮನುಷ್ಯನ ಮೇಲೆ ನನಗೆ ಸಿಟ್ಟಿರುವುದಿಲ್ಲ ಅಂತ ಮೆಲ್ಲಗೆ ವಿವರಿಸಿದರು. "ಯಾರ್ಗೂ ಏಳ್ಬ್ಯಾಡಿ ತಾಯಿ. ಅಭಿಷೇಕ ಮಾಡ್ಕೊಂಡವ್ರೆ ಪಾಪ" ಅಂತ ಕೈಮುಗಿದರು. ಒಳಗೆ ಹೋದರೆ ಅತ್ತೆ ಕೇಳಿದರು, "ಏನಂತೆ ಅದು, ಯಾವ ಮಂತ್ರ?" ಅತ್ತೆಗೂ ಕುತೂಹಲವಿರಬಹುದು ಅಂತ ನಾನು ಎಣಿಸಿರಲಿಲ್ಲ. ತಡವರಿಸಿಕೊಂಡು, "ಶಾಂತಿಮಂತ್ರದ ಹಾಗಿತ್ತು" ಅಂದುಬಿಟ್ಟೆ. ಅತ್ತೆ "ಓಹೋ" ಅಂದು ಹೂ ಬಿಡಿಸಲು ಹೋದರು.

ಕೆಲವು ವರ್ಷಗಳ ಮೇಲೆ ವಠಾರಕ್ಕೆ ನಲ್ಲಿ ಬಂತು. ಮನೆ ಮಾಲೀಕರು ಅಂಗಳದ ನಡುವೆ ಕೊಳಾಯಿ ಹಾಕಿಸಿದರು. ಹಬ್ಬವೇ ಹಬ್ಬ. ತಿರುಗಿಸಿದರೆ ನೀರು! ನಾನೂ ಆಸೆಗೆ ಬಿದ್ದು ಎರಡು ಸಲ ಸುಮ್ಮಸುಮ್ಮನೆ ತಿರುಗಿಸಿ ನೋಡಿದೆ. ಮರುದಿನ ಬೆಳಗ್ಗೆ ಎದುರುಮನೆಯವರು ಎಂದಿನಂತೆ ಟವೆಲು ಸುತ್ತಿಕೊಂಡು ಹಿತ್ತಿಲಿಗೆ ಹೋದರು. ಕಟ್ಟೆಯ ಮೇಲೆ ಒಂದು ಕೊಡವೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ಎರಡು ಬಿಂದಿಗೆ ಸೇದಿ ಪಾರಿಜಾತದ ಬುಡಕ್ಕೆ ಹಾಕಿದರು. ಒಂದು ವಾರ ಹಾಗೇ ನಡೆಯಿತು. ಪಾರಿಜಾತಕ್ಕೆ ತಾನೇ ಎಷ್ಟು ನೀರು ಬೇಕು? ಆಮೇಲೆ ಬರುವುದು ಬಿಟ್ಟರು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಪಾಪ, ಇಷ್ಟು ವರ್ಷ ದುಡಿದರು, ಇನ್ನಾದರೂ ಮಲಗಲಿ ಅಂದುಕೊಂಡೆವು.

ಮಲಗಿದರೆ ನಿದ್ದೆ ಬರಬೇಕಲ್ಲ. ಮೊದಲು ಸಂಜೆ ಹೊತ್ತು ಅವರ ಮನೆಯಿಂದ ತಟ್ಟೆ ಸರಿದ ಸದ್ದು ಕೇಳಿತು. ಆಮೇಲೆ ತಟ್ಟೆ ಬಿದ್ದ ಸದ್ದು. ಅಂಗಳದಲ್ಲಿ ಮಗಳು ಓಡಿಬಂದರೆ "ಓಗು ಅತ್ಲಾಗೆ" ಅನ್ನುತ್ತಿದ್ದರು. ಯಜಮಾನರು ಒಂದು ದಿನ ಅವರನ್ನು ಬೆಟ್ಟದ ಕಡೆ ತಿರುಗಾಡಲು ಕರೆದರು. "ಬೆಳಗ್ಗೆ ಎದ್ದು ಯಾರಿಗೋಸ್ಕರ ನಡೀಲಿ ಮೇಷ್ಟ್ರೇ?" ಅಂದರಂತೆ. ಕೈನಡುಕ ಮತ್ತೆ ಬಂದಿತ್ತು. ಅವರಿಗೂ ಗೊತ್ತಿತ್ತು ಏನು ಮಾಡಬೇಕು ಅಂತ. ಗೊತ್ತಿದ್ದರೆ ಮಾಡಿದಂತಾಯಿತೇ? ನಾನು ಅದನ್ನೇ ಯೋಚಿಸುತ್ತಿದ್ದೆ. ಅದೇ ಬಾವಿ, ಅದೇ ಹಗ್ಗ, ಅದೇ ರಟ್ಟೆ, ಆದರೂ ಮನುಷ್ಯನಿಗೆ ಏಳಲಾಗದು ಅಂದರೆ ಇದೇನು ವಿಚಿತ್ರ!

ಒಂದು ಸಂಜೆ ಅವರ ಹೆಂಡತಿ ನಮ್ಮ ಹೊಸ್ತಿಲ ಹೊರಗೆ ಕೂತು ಅತ್ತುಬಿಟ್ಟರು. ಆವತ್ತು ಆಫೀಸಿನಲ್ಲಿ ಯಾರೋ ಬೈದದ್ದಕ್ಕೆ ಗಂಡ ಕಿಟಕಿಯಿಂದ ಕೈ ಹಾಕಿ ಅವನ ಕೊರಳಪಟ್ಟಿ ಹಿಡಿದಿದ್ದರು. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತೇನೆ ಅಂದಿದ್ದರು ಸಾಹೇಬರು. ಇವರು ಅದಕ್ಕೂ ಕಾಯುವುದಿಲ್ಲವಂತೆ, ತಾವೇ ರಾಜೀನಾಮೆ ಕೊಟ್ಟು ಊರಿಗೆ ಹೋಗುತ್ತಾರಂತೆ. "ಊರಲ್ಲಿ ಏನದೆ ಅಕ್ಕ? ಇರೋ ತುಂಡು ಗದ್ದೆ ಬಾವಂದಿರ್ಗೇ ಸಾಲ್ದು. ಮಗಳು ಓದ್ಲಿ ಅಂತ್ಲೇ ಇಲ್ಗೆ ಬಂದಿದ್ದು. ಕೆಲ್ಸ ಓಗ್ಲಿ, ಇವ್ರೇ ನನ್ಗೆ ಉಳಿಯಾಕಿಲ್ಲ ಅನ್ನಿಸ್ತದೆ" ಅಂದರು. ನೀರು ಕೊಟ್ಟೆ, ಬೆನ್ನು ಸವರಿದೆ. ಒಳಗೆ ನಡುಮನೆಯಲ್ಲಿ ಅತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಎಂಥ ಕಲ್ಲೆದೆ ಇವರದು ಅಂತ ನನಗೆ ಸಿಟ್ಟೇ ಬಂತು.

ಮರುದಿನ ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅತ್ತೆ ಒದ್ದೆ ಸೀರೆಯಲ್ಲಿ, ತಾಮ್ರದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು, ಹಿತ್ತಿಲ ಕಡೆಗೆ ಹೋಗದೆ ನೇರ ಅಂಗಳ ದಾಟಿ ಎದುರುಮನೆಯ ಬಾಗಿಲ ಮುಂದೆ ನಿಂತರು. ನನ್ನ ಕೈಯಲ್ಲಿದ್ದ ಪೊರಕೆ ಹಾಗೇ ನಿಂತಿತು. ಮಡಿಯುಟ್ಟು ಅವರು ಅಂಗಳಕ್ಕೆ ಕಾಲಿಟ್ಟದ್ದನ್ನೇ ನಾನು ನೋಡಿರಲಿಲ್ಲ.

"ಏನಪ್ಪಾ, ಎದ್ದಿದೀಯಾ?"

ಕೆದರಿದ ತಲೆಯಲ್ಲಿ ಅವರು ಹೊರಗೆ ಬಂದರು. ಎದುರಿಗೆ ಅತ್ತೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು, ಎಲ್ಲಿ ತಾಕೀತೋ ಅಂತ.

"ಈ ನಲ್ಲಿ ನೀರು ಮಡಿಗೆ ಬರಲ್ಲ ಕಣಪ್ಪ. ಒಳಗೆ ಚರ್ಮದ ವಾಷರ್ ಇರುತ್ತಂತೆ. ಬಾವೀಲಿ ಸೇದೋಣ ಅಂದ್ರೆ ನನ್ನ ರಟ್ಟೆ ಬಿದ್ದುಹೋಗಿದೆ. ಒಂದು ಬಿಂದಿಗೆ ಸೇದಿಕೊಡು."

"ನಾನಾ? ನಾನು ಸೇದಿದ್ರೆ ಮಡಿ ಕೆಡಾಕಿಲ್ವಾ ಅಮ್ಮಾವ್ರೇ?"

"ಸ್ನಾನ ಮಾಡ್ಕೊಂಡು ಬಾ. ಮಡಿ ನಂದು. ಅದರ ಯೋಚನೆ ನಿನಗ್ಯಾಕೆ?" ಅಂದರು ಅತ್ತೆ. "ದಿನಾ ಬೇಕು. ತಡ ಮಾಡಿದ್ರೆ ನನ್ನ ಪೂಜೆ ನಿಲ್ಲುತ್ತೆ, ನೋಡು."

ರಟ್ಟೆ ಬಿದ್ದುಹೋಗಿದೆಯಂತೆ! ಹಿಂದಿನ ದಿನ ತಾನೇ ಸೇರು ಅಕ್ಕಿ ನೆನೆಹಾಕಿ ಒಬ್ಬರೇ ರುಬ್ಬಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ನನ್ನ ಕಡೆ ಒಂದು ನೋಟ ಬಿಟ್ಟರು. ತೆಗೆದ ಬಾಯಿ ಮುಚ್ಚಿಕೊಂಡೆ.

ಆ ಬೆಳಗ್ಗೆ ರಾಟೆ ಮತ್ತೆ ಕಿರ್ರೋ ಅಂತು. ವಠಾರದ ಬಾಗಿಲುಗಳೆಲ್ಲ ತೆರೆದವು. ಹೆಂಗಸರಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಎರಡೇ ದಿನದಲ್ಲಿ ಅಂಚೆಯವರ ಹೆಂಡತಿಗೆ ನಲ್ಲಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಗೊತ್ತಾಯಿತು. ಬಾವಿ ನೀರು ಗಡಸು, ಬೇಳೆ ಬೇಯದಿದ್ದದ್ದು ಬಾವಿ ನೀರಿನಲ್ಲಿ! ಬಾಣಂತಿಯಾಗಿದ್ದವಳಿಗೆ ಕೂದಲು ಉದುರತೊಡಗಿತು. ಮೆಟ್ಟಿಲ ಕೆಳಗಿನ ಮುದುಕರು ನಲ್ಲಿ ನೀರು ಕುಡಿದರೆ ಕೆಮ್ಮು ಬರುತ್ತೆ ಅಂತ ಮತ್ತೆ ಎದುರುಮನೆಯವರ ಬಾಗಿಲ ಮುಂದೆ ಹೋಗಿ ಕೆಮ್ಮಿದರು. ಕಟ್ಟೆಯ ಮೇಲೆ ಕೊಡಗಳು ಬಂದು ಕೂತವು. ಇದೆಲ್ಲ ನೆಪ ಅಂತ ಅವರಿಗೆ ತಿಳಿಯಲಿಲ್ಲ ಅಂತ ನಾನು ಹೇಳಲಾರೆ. ರೈತರ ಮಗ, ನೀರು ತಿಳಿಯದವರೇ? ಆದರೆ ಕೊಡ ಕಾಯುತ್ತಿದೆ, ಅಷ್ಟು ಸಾಕಿತ್ತು. ತಿಂಗಳು ಕಳೆಯುವುದರಲ್ಲಿ ಮಗಳು ಮತ್ತೆ ಹೆಗಲ ಮೇಲಿದ್ದಳು. ರಾಜೀನಾಮೆಯ ಮಾತು ಯಾರೂ ಎತ್ತಲಿಲ್ಲ.

ನನಗೆ ಉಳಿದದ್ದು ಒಂದೇ ಕುತೂಹಲ. ಆ ನೀರನ್ನು ಅತ್ತೆ ನಿಜವಾಗಿ ಏನು ಮಾಡುತ್ತಾರೆ? ಗಿಡಕ್ಕೆ ಹಾಕಿ, ತಾವು ಕದ್ದು ಬೇರೆ ಸೇದಿಕೊಳ್ಳುತ್ತಾರೋ? ಬಾಗಿಲ ಸಂದಿಯಿಂದ ನೋಡಿದೆ. ಅದೇ ತಾಮ್ರದ ಬಿಂದಿಗೆಯಿಂದ ಪಂಚಪಾತ್ರೆಗೆ ಬಗ್ಗಿಸಿಕೊಂಡು, ಕಣ್ಣುಮುಚ್ಚಿ, ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದರು. ಆಚಾರ ಬಿಟ್ಟರೆ ಆ ಹೆಂಗಸಿಗೆ ಲೋಕದಲ್ಲಿ ತನ್ನದು ಅನ್ನುವುದು ಏನಿತ್ತು? ಅದನ್ನೇ ತೆಗೆದು ಕೊಟ್ಟಿದ್ದರು.

ಆದರೂ ಸುಮ್ಮನಿರದೆ ಕೇಳಿದೆ. "ಅತ್ತೆ, ಇಷ್ಟು ವರ್ಷದ ಮಡಿ..."

"ಯಾಕೆ, ಅವನು ಶಾಂತಿಮಂತ್ರ ಹೇಳ್ತಾನೆ ಅಂತ ನೀನೇ ಹೇಳಿದ್ದೆಯಲ್ಲ!" ಅಂದರು. ಆಮೇಲೆ ತುಟಿಯಂಚಿನಲ್ಲಿ ನಕ್ಕು, "ನನಗೇನು ಕಿವಿ ಇಲ್ಲವೇನೇ? ಹಿತ್ತಿಲ ಬಾಗಿಲ ಹಿಂದೆ ಕೂತು ಎಷ್ಟು ವರ್ಷದಿಂದ ಕೇಳ್ತಿದೀನಿ ಆ ಬೈಗುಳಾನ. ಇರಲಿ, ರೇಷನ್ನಿನವರ ಪಾಡು ದೇವರಿಗೂ ಒಂದಿಷ್ಟು ತಿಳೀಲಿ" ಅಂದರು.

ಆಮೇಲೆ ಸರ್ಕಾರದವರು ರೇಷನ್ನನ್ನೇ ತೆಗೆದುಹಾಕಿದರು. ಆ ಆಫೀಸಿನವರನ್ನೆಲ್ಲ ಬೇರೆ ಬೇರೆ ಕಡೆ ಹಾಕಿದರು. ಎದುರುಮನೆಯವರಿಗೆ ಹಾಸನಕ್ಕೆ ವರ್ಗವಾಯಿತು. ಹೊರಡುವ ದಿನ ಬೆಳಗ್ಗೆ ವಠಾರದ ಕೊಡ, ಹಂಡೆ, ಕೊಳಗ, ಒಂದನ್ನೂ ಬಿಡದೆ ತುಂಬಿಸಿದರು. ಆವತ್ತು ತುಟಿ ಅಲ್ಲಾಡಲಿಲ್ಲ. ಕೊನೆಗೆ ಅತ್ತೆಯ ಬಿಂದಿಗೆ ತುಂಬಿಸಿ, ಹಗ್ಗ ಸುತ್ತಿ ಗೂಟಕ್ಕೆ ನೇತುಹಾಕಿ, ದೂರದಿಂದಲೇ ಅಡ್ಡಬಿದ್ದರು. ಅತ್ತೆ ನಾಲ್ಕು ಹೆಜ್ಜೆ ಮುಂದೆ ಬಂದು ಅವರ ತಲೆಯ ಮೇಲೆ ಕೈಯಿಟ್ಟರು. ಮಡಿಯಲ್ಲಿದ್ದರು. "ಅಲ್ಲೂ ಬಾವಿ ಇರೋ ಮನೆ ನೋಡ್ಕೋ" ಅಂದರು.

ಮಾರನೆಯ ದಿನ ನಾನು ಬೇಗ ಎದ್ದೆ, ಇನ್ನು ಅತ್ತೆಯ ನೀರಿಗೆ ನಾನೇ ಮಡಿಯುಟ್ಟು ಸೇದಬೇಕಲ್ಲ ಅಂತ. ಹೊರಗೆ ಬಂದು ನೋಡಿದರೆ ಅತ್ತೆ ಅಂಗಳದ ನಲ್ಲಿಯ ಕೆಳಗೆ ತಾಮ್ರದ ಬಿಂದಿಗೆ ಇಟ್ಟು, ತುಂಬುವುದನ್ನು ನೋಡುತ್ತಾ ನಿಂತಿದ್ದರು.

"ಅತ್ತೆ, ಚರ್ಮದ ವಾಷರ್ರು?"

"ಇರಲಿ ಬಿಡೇ" ಅಂದರು. ಬಿಂದಿಗೆ ಎತ್ತಿ ಸೊಂಟಕ್ಕೇರಿಸಿದರು. ಆ ಬಾವಿಯಿಂದ ಅವರು ಮತ್ತೆ ನೀರು ಸೇದಲಿಲ್ಲ.

ಎದುರುಮನೆಯವರ ಕುಟುಂಬದ ಸುದ್ದಿ ಸ್ವಲ್ಪ ಕಾಲ ಬರುತ್ತಿತ್ತು, ಆಮೇಲೆ ನಿಂತಿತು. ಅತ್ತೆ ಹೋದರು. ಯಜಮಾನರೂ ಹೋದರು. ವಠಾರ ಒಡೆದು ಅಂಗಡಿ ಸಾಲು ಮಾಡಿದ್ದಾರೆ. ಬಾವಿಗೆ ಚಪ್ಪಡಿ ಹಾಕಿ ಅದರ ಮೇಲೆ ಸ್ಕೂಟರು ನಿಲ್ಲಿಸುತ್ತಾರೆ ಅಂತ ಮಗಳು ಹೇಳಿದಳು. ನಾನು ಹೋಗಿ ನೋಡಲಿಲ್ಲ. ಎದುರುಮನೆಯವರು ಈಗ ಇದ್ದಿದ್ದರೆ ನೂರರ ಹತ್ತಿರ ಇರಬೇಕಾಗಿತ್ತು... ಇರಲಾರರು.

ಮಗಳು ನಮ್ಮ ಮನೆಯ ಬಾಗಿಲಿಗೂ ಅಂಥದ್ದೇ ರಾಟೆ ಕಟ್ಟಿದ್ದಾಳೆ. ಎಳೆಯಲು ಬೇಜಾರು. ನಾನು ಕೈ ಎತ್ತಿದರೇನು, ಬಿಟ್ಟರೇನು, ಯಾರ ಕೊಡ ಕಾಯುತ್ತಿದೆ? ಆದರೆ ಮೊನ್ನೆ ಫಿಸಿಯೋಥೆರಪಿ ಕೋಣೆಯಲ್ಲಿ ಹಗ್ಗ ಹಿಡಿದಾಗ, ಒಂದು ಎಳೆತ ಬಾಣಂತಿಯ ಮನೆಗೆ ಅಂದುಕೊಂಡೆ. ಒಂದು ಅಂಚೆಯವರಿಗೆ. ಒಂದು ಮೆಟ್ಟಿಲ ಕೆಳಗಿನ ಮುದುಕರಿಗೆ. ಎಳೆಯುತ್ತಾ ಎಳೆಯುತ್ತಾ, ಈ ಜನ್ಮದಲ್ಲಿ ನಾನು ತಿರುಗಿ ಮಾತಾಡಲಾಗದೆ ಸುಮ್ಮನಾದವರೆಲ್ಲ ನೆನಪಿಗೆ ಬಂದರು. ಒಬ್ಬೊಬ್ಬರಿಗೂ ಹೇಳಬೇಕಾದ್ದನ್ನು ಹೇಳಿ, "ಹೋಗ್ಲಿ ಬುಡು" ಅಂದೆ.

"ಏನಜ್ಜಿ ಅದು, ಮಂತ್ರಾನಾ?" ಅಂದಳು ಹುಡುಗಿ.

"ಹೂಂ ಕಣಮ್ಮ, ಶಾಂತಿಮಂತ್ರ."

ಕೈ ಕಿವಿಯವರೆಗೆ ಬಂತು. ಕೊನೆಯ ಎಳೆತ ಎದುರುಮನೆಯವರಿಗೂ ನಮ್ಮ ಅತ್ತೆಗೂ ಸೇರಿ ಒಂದು ಅಂದುಕೊಂಡೆ. ಎಳೆದೆ. ಅದಕ್ಕೆ ಮಾತ್ರ "ಹೋಗ್ಲಿ ಬುಡು" ಅನ್ನಲು ಬಾಯಿ ಬರಲಿಲ್ಲ.